ಕಥೆ ಪುಸ್ತಕ ಕೇಳಿದವರಿಗೆ ಏನು ಉತ್ತರ?

ಗ್ರಂಥಾಲಯದ ಸುದ್ದಿ ಎಂದರೆ ನಮ್ಮಂಥ ಸ್ಟ್ರಿಂಜರುಗಳಿಗೆ ಎರಡೇ ಬಗೆ. ಒಂದು, ಹೊಸ ಕಟ್ಟಡದ ಉದ್ಘಾಟನೆ. ಇನ್ನೊಂದು, ಹಳೇ ಕಟ್ಟಡ ಸೋರುತ್ತಿದೆ ಎಂಬ ದೂರು. ಎರಡಕ್ಕೂ ಫೋಟೊ ಸಿಗುತ್ತದೆ, ಡೆಸ್ಕಿನವರೂ ಹಾಕುತ್ತಾರೆ. ಒಳಗೆ ಕೂತು ಯಾರು ಏನು ಓದುತ್ತಿದ್ದಾರೆ ಎಂಬುದು ಮಾತ್ರ ಸುದ್ದಿಯಾಗುವುದಿಲ್ಲ.

ವರದಿಗೆಂದು ಹಳ್ಳಿ ಸುತ್ತುವಾಗ, ಬಸ್ಸಿಗೆ ಹೊತ್ತಿದ್ದರೆ, ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೊಕ್ಕು ಕೂರುವುದು ನಮ್ಮ ರೂಢಿ. ಅಲ್ಲೊಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬಿದ್ದಿದೆ. ಕೈಗೆಟುಕುವ ರ‍್ಯಾಕಿನಲ್ಲಿ ಎಫ್‌ಡಿಎ, ಪಿಡಿಒ, ಪೊಲೀಸ್ ಪರೀಕ್ಷೆಯ ಪುಸ್ತಕಗಳು. ಬೀಗ ಹಾಕಿದ ಗಾಜಿನ ಬೀರುವಿನಲ್ಲಿ ಕಾದಂಬರಿಗಳು. ಕೆಲಸ ಹುಡುಕುವ ಹುಡುಗ ಹುಡುಗಿಯರಿಗೆ ಪರೀಕ್ಷೆಯ ಪುಸ್ತಕ ಬೇಕೇ ಬೇಕು, ತಕರಾರಿಲ್ಲ. ಆದರೆ ಖುಷಿಗೆ ಓದುವವರು ಎಲ್ಲಿಗೆ ಹೋಗಬೇಕು?

ಒಂದೂರಿನಲ್ಲಿ ಹೂ ಕಟ್ಟುವ ಹೆಂಗಸೊಬ್ಬರು ಬಾಗಿಲಲ್ಲೇ ನಿಂತು, "ಸಾರ್, ತ್ರಿವೇಣಿ ಬರ್ದಿರೋದು ಯಾವ್ದಾದ್ರೂ ಐತಾ?" ಎಂದು ಕೇಳಿದರು. "ಬೀರು ಕೀ ಮನೇಲೈತೆ ಅಕ್ಕಾ, ನಾಳೆ ಬನ್ನಿ" ಎಂದರು ಮೇಲ್ವಿಚಾರಕರು. ಆತ ಕೆಟ್ಟ ಮನುಷ್ಯರಲ್ಲ. ಅವರು ಹೋದ ಮೇಲೆ ನಮ್ಮ ಹತ್ತಿರ ಹೇಳಿಕೊಂಡರು: "ಪುಸ್ತಕ ಕಳೆದ್ರೆ ನಮ್ಮ ಕೈಯಿಂದ ಕಟ್ಬೇಕಾಗ್ತದೆ ಅಂತ ಭಯ ಸಾರ್." ಪುಸ್ತಕ ಕಾಯುವುದೇ ಕೆಲಸವಾದರೆ ಓದುಗರು ಅಪಾಯದಂತೆ ಕಾಣುವುದು ಸಹಜವೇ.

ಎಸ್.ಆರ್. ರಂಗನಾಥನ್ ಗ್ರಂಥಾಲಯದ ಐದು ಸೂತ್ರಗಳನ್ನು ಪ್ರಕಟಿಸಿದ್ದು 1931ರಲ್ಲಿ. ಪುಸ್ತಕ ಇರುವುದು ಬಳಸಲಿಕ್ಕೆ ಎಂಬುದೇ ಮೊದಲ ಸೂತ್ರ. ಅವರು ಹುಟ್ಟಿದ ಆಗಸ್ಟ್ 12ನ್ನು ಗ್ರಂಥಪಾಲಕರ ದಿನವೆಂದು ಆಚರಿಸುತ್ತೇವೆ, ಫೋಟೊಕ್ಕೆ ಹಾರ ಹಾಕುತ್ತೇವೆ. ಬೀರುವಿನ ಬೀಗ ಹಾಗೇ ಇರುತ್ತದೆ.

ಇದು ಯಾರೋ ಕೊಡುವ ದಾನವೂ ಅಲ್ಲ. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ. ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. ಹಾಗೆ ನೋಡಿದರೆ ಹೂ ಕಟ್ಟುವ ಆ ಅಕ್ಕನ ದುಡ್ಡೂ ಆ ಬೀರುವಿನಲ್ಲಿದೆ.

2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. 2020ರಲ್ಲಿ 'ಓದುವ ಬೆಳಕು' ಶುರುವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಎಷ್ಟೋ ಕಡೆ ಗೋಡೆಗೆ ಬಣ್ಣ ಬಂತು, ಮಕ್ಕಳೂ ಬಂದರು. ಬಂದವರನ್ನು "ನಿಮಗೇನು ಬೇಕು?" ಎಂದು ಕೇಳುವ ಕೆಲಸ ಮಾತ್ರ ಎಲ್ಲ ಕಡೆ ಆಗಿಲ್ಲ.

ಆದ ಕಡೆ ಏನಾಗುತ್ತದೆ ಎಂಬುದನ್ನೂ ನಾವು ಕಂಡಿದ್ದೇವೆ. ನಮ್ಮ ತಾಲ್ಲೂಕಿನ ಒಂದು ಗ್ರಂಥಾಲಯದಲ್ಲಿ ಮೇಲ್ವಿಚಾರಕಿ ಮೇಜಿನ ಮೇಲೆ ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದಾರೆ. ದಾರಕ್ಕೆ ಕಟ್ಟಿದ ಪೆನ್ನು. "ದೆವ್ವದ ಕಥೆ ಬೇಕು ಮಿಸ್." "ತೇಜಸ್ವಿ ಅವರದು ಇನ್ನೊಂದು ತರಿಸಿ." "ಅಕ್ಷರ ದೊಡ್ಡದಾಗಿರೋ ಪುಸ್ತಕ ಕೊಡಿ, ಕಣ್ಣು ಮಂಜು." ಪ್ರತಿ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಅವರ ಉತ್ತರ: "ಬಂದಿದೆ, ಕೆಳಗಿನ ಸಾಲು ನೋಡಿ." "ಸದ್ಯಕ್ಕಿಲ್ಲ, ಪಟ್ಟಿಯಲ್ಲಿ ಬರೆದಿದ್ದೇನೆ." ಕೆಲವನ್ನು ಊರಿನ ಮೇಷ್ಟ್ರುಗಳ ಮನೆಯಿಂದ ಕೇಳಿ ತಂದಿದ್ದಾರೆ. "ಇಲ್ಲ ಅಂದ್ರೂ ಪರವಾಗಿಲ್ಲ ಸಾರ್, ಉತ್ತರ ಬರ್ದಿದ್ರೆ ಮತ್ತೆ ಬರ್ತಾರೆ" ಎಂದರು. ಅಲ್ಲಿನ ಬೀರುಗೆ ಬೀಗವಿಲ್ಲ.

ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ಸುತ್ತಿ ಓದುಗರನ್ನು ಹುಡುಕಿದ ನಾಡು ಇದು. ಈಗ ಓದುಗರೇ ಬಾಗಿಲಿಗೆ ಬರುತ್ತಿದ್ದಾರೆ. ಅವರ ಬೇಡಿಕೆ ಆ ನೋಟ್‌ಬುಕ್ಕಿನಲ್ಲೇ ಉಳಿಯದೆ, ಪುಸ್ತಕ ಆಯ್ಕೆ ಮಾಡುವವರ ಮೇಜಿಗೂ ಮುಟ್ಟಬೇಕು.

ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆ ಇದನ್ನೂ ಕೇಳಿ: ನಮ್ಮೂರ ಗ್ರಂಥಾಲಯದಲ್ಲಿ ಓದುಗರ ನೋಟ್‌ಬುಕ್ ಇದೆಯೇ, ಅದಕ್ಕೆ ಉತ್ತರ ಬರೆಯುವವರು ಯಾರು? ನಮ್ಮ ಬಳಗದವರಿಗೂ ಒಂದು ಮಾತು. ಮುಂದಿನ ಉದ್ಘಾಟನೆಗೆ ಹೋದಾಗ ಟೇಪ್ ಕತ್ತರಿಸಿದ ಫೋಟೊ ತೆಗೆಯಿರಿ. ಆಮೇಲೆ, ಮನೆಗೆ ಪುಸ್ತಕ ಕೊಟ್ಟ ರಿಜಿಸ್ಟರ್ ತೋರಿಸಿ ಎಂದು ಕೇಳಿ. ಸುದ್ದಿ ಅದರಲ್ಲಿರುತ್ತದೆ.