ಆಗುಂಬೆಯ ಏರಿನಲ್ಲಿ ಗೇರು ಬೀಳದಾಗ

ಉಡುಪಿಯಿಂದ ತೀರ್ಥಹಳ್ಳಿಯ ಕಡೆಗೆ ಹೊರಟ ಹೆದ್ದಾರಿಯು ಹೆಬ್ರಿಯನ್ನು ದಾಟಿ ಸೋಮೇಶ್ವರವನ್ನು ಸೇರುವವರೆಗೆ ತೀರ ಸಾಧುವಾದುದು. ಸೋಮೇಶ್ವರ ಕಳೆಯಿತೆಂದರೆ ಅದರ ಸ್ವಭಾವವೇ ಬೇರೆ. ಎದುರಿಗೆ ಸಹ್ಯಾದ್ರಿಯು ಗೋಡೆಯಂತೆ ನಿಂತಿರುತ್ತದೆ. 14 ಹೇರ್‌ಪಿನ್ ತಿರುವುಗಳಲ್ಲಿ ಹೊರಳಿ ಹೊರಳಿ ರಸ್ತೆಯು ಆ ಗೋಡೆಯನ್ನು ಏರಬೇಕು. ಮೇಲಿರುವ ಆಗುಂಬೆಯ ಎತ್ತರ ಸಮುದ್ರಮಟ್ಟದಿಂದ 600 ಮೀಟರಿಗೂ ಮಿಗಿಲು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆ ಊರಿನಲ್ಲಿ ಸೂರ್ಯನೇ ಅಪರೂಪದ ಅತಿಥಿ. ಆದುದರಿಂದಲೇ ಡಿಸೆಂಬರಿನ ತಿಳಿಯಾದ ಸಂಜೆಗಳಲ್ಲಿ ಅವನು ಪಡುವಣ ಕಡಲಿಗೆ ಇಳಿಯುವುದನ್ನು ನೋಡಲು ಅಷ್ಟೊಂದು ಜನ ಘಟ್ಟವೇರುತ್ತಾರೆ.

ಬೆಂಗಳೂರಿನ ಬ್ಯಾಂಕ್ ಉದ್ಯೋಗಿಯೊಬ್ಬರ ಸಂಸಾರವೂ ಅಂಥದೊಂದು ಸಂಜೆ ಹೊರಟಿದ್ದಿತು. ಪತಿ, ಪತ್ನಿ, ವೃದ್ಧ ತಾಯಿ, ಇಬ್ಬರು ಮಕ್ಕಳು. ಮೇಲೆ ಉಡುಪಿಯಲ್ಲಿ ಕೊಂಡ ಮಟ್ಟುಗುಳ್ಳದ ಒಂದು ಚೀಲ. ವಾಹನವೋ, ಹದಿನೆಂಟು ವರ್ಷ ದುಡಿದ ಮಾರುತಿ 800. ಆ ಕಾರಿನ ತಯಾರಿಕೆ 1983ರಲ್ಲಿ ಆರಂಭವಾಗಿ 2014ರಲ್ಲಿ ನಿಂತುಹೋಯಿತು. ಆದರೆ ಮನೆಯ ಮಗುವಿನಂತೆ ಅದನ್ನು ಸಾಕಿಕೊಂಡ ಮಧ್ಯಮ ವರ್ಗದ ಕುಟುಂಬಗಳಿಗೆ ನಮ್ಮಲ್ಲಿ ಕೊರತೆಯಿಲ್ಲ.

ಒಂಬತ್ತನೆಯ ತಿರುವಿನಲ್ಲಿ ಇಳಿದು ಬರುತ್ತಿದ್ದ ಜೀಪಿಗೆ ದಾರಿ ಕೊಡಲೆಂದು ಕಾರು ನಿಂತಿತು. ಜೀಪು ಹೋಯಿತು. ಕಾರು ಮಾತ್ರ ಹೊರಡಲಿಲ್ಲ. ಕ್ಲಚ್ಚನ್ನು ತಳಮುಟ್ಟ ತುಳಿದರೂ ಒಂದನೆಯ ಗೇರು ಬೀಳಲೊಲ್ಲದು. ಹಿಂದಿನ ಗೇರಿಗೆ ತಳ್ಳಿದರೆ ಹಲ್ಲು ಕಡಿದಂತೆ ಕರಕರ ಸದ್ದು. ಬಲಗಡೆಯಲ್ಲಿ ಆಳವಾದ ಕಾಡುಕಣಿವೆ, ಹಿಂದೆ ಇಳಿಜಾರು. ಹ್ಯಾಂಡ್‌ಬ್ರೇಕ್ ಎಳೆದು, ಎಲ್ಲರನ್ನೂ ಇಳಿಸಿ, ಪತ್ನಿಯು ಹಿಂದಿನ ಎರಡು ಚಕ್ರಗಳಿಗೂ ಕಲ್ಲು ಕೊಟ್ಟರು. ಆ ಗಳಿಗೆಯಲ್ಲಿ ಮಾಡಿದ ಅತ್ಯಂತ ಬುದ್ಧಿವಂತಿಕೆಯ ಕೆಲಸವೆಂದರೆ ಅದೇ.

ಹಿಂದಿನಿಂದ ಏರಿ ಬಂದ ಮಿನಿಬಸ್ಸೊಂದು ನಿಂತಿತು. ಅದರ ಚಾಲಕ ಇಳಿದು ಬಂದು, ವಿಷಯ ಕೇಳಿ, ಹೇಳಿದ್ದು ಒಂದೇ ಮಾತು: "ಮಾರಾಯ್ರೇ, ಮೊದಲು ಇಂಜಿನ್ ಬಂದ್ ಮಾಡಿ ಗೇರು ಹಾಕಿ ನೋಡುವ."

ಇಂಜಿನ್ ಆರಿತು. ಗೇರು ಬೆಣ್ಣೆಗೆ ಚಾಕು ಇಳಿದಂತೆ ಬಿತ್ತು!

ಈ ಒಂದು ಪರೀಕ್ಷೆ ಬಲ್ಲವರಿಗೆ ಅರ್ಧ ರೋಗ ತಿಳಿದಂತೆಯೇ. ಕ್ಲಚ್ಚೆಂಬುದು ಇಂಜಿನ್ನಿಗೂ ಗೇರ್ ಪೆಟ್ಟಿಗೆಗೂ ನಡುವಿನ ಒಂದು ಬಿಲ್ಲೆ. ಪೆಡಲನ್ನು ತುಳಿದಾಗ ಅದು ಬಿಡಿಸಿಕೊಳ್ಳಬೇಕು. ಆಗಲೇ ಪೆಟ್ಟಿಗೆಯೊಳಗಿನ ದಂಡದ ಮೇಲೆ ಇಂಜಿನ್ನಿನ ಹಿಡಿತ ತಪ್ಪಿ ಹಲ್ಲುಗಳು ಕೂಡಿಕೊಳ್ಳುವುದು. ಪೂರ್ತಿ ಬಿಡಿಸಿಕೊಳ್ಳದಿದ್ದರೆ ಇಂಜಿನ್ ಆ ದಂಡವನ್ನು ತಿರುಗಿಸುತ್ತಲೇ ಇರುತ್ತದೆ. ತಿರುಗುವ ಹಲ್ಲು ನಿಂತ ಹಲ್ಲನ್ನು ಹತ್ತಿರ ಸೇರಿಸದು. ಆದುದರಿಂದ ಇಂಜಿನ್ ಆರಿಸಿದಾಗ ಬೀಳುವ ಗೇರು ಓಡುವಾಗ ಬೀಳದಿದ್ದರೆ ಗೇರ್ ಪೆಟ್ಟಿಗೆಯನ್ನು ಶಪಿಸಬೇಕಾದುದಿಲ್ಲ. ಸಂಶಯವೆಲ್ಲ ಕ್ಲಚ್ಚಿನ ಮೇಲೆ. ಆರಿಸಿದಾಗಲೂ ಬೀಳದಿದ್ದರೆ ಗೇರಿನ ಹಿಡಿಯಿಂದ ಪೆಟ್ಟಿಗೆಯವರೆಗಿನ ಸರಳು, ಬುಷ್‌ಗಳನ್ನು ಮೊದಲು ನೋಡಬೇಕು. ಸ್ಟಿಯರಿಂಗ್ ಪಕ್ಕದಲ್ಲೇ ಗೇರಿನ ಹಿಡಿಯಿದ್ದ ಹಳೆಯ ಅಂಬಾಸಡರ್ ಕಾರುಗಳಲ್ಲಿ ಆ ಸರಳುಗಳು ಸಿಕ್ಕಿಕೊಳ್ಳುತ್ತಿದ್ದುದೂ, ಚಾಲಕರು ಬಾನೆಟ್ ಎತ್ತಿ ಕೈಯಿಂದಲೇ ಬಿಡಿಸುತ್ತಿದ್ದುದೂ ಹಿರಿಯರಿಗೆ ನೆನಪಿದ್ದೀತು. ಗೇರು ಬಿದ್ದೂ ಕಾರು ಕದಲದೆ ಸುಟ್ಟ ವಾಸನೆ ಬಂದರೆ ಅದು ಮೂರನೆಯ ಕಾಯಿಲೆ, ಬಿಲ್ಲೆ ಸವೆದಿರುತ್ತದೆ. ಅದಕ್ಕೆ ರಸ್ತೆಯ ಬದಿಯಲ್ಲಿ ಮದ್ದಿಲ್ಲ.

ಎಷ್ಟೋ ಕಾರುಗಳಲ್ಲಿ ಕ್ಲಚ್ಚನ್ನು ಎಣ್ಣೆಯ ಒತ್ತಡ ಬಿಡಿಸುತ್ತದೆ; ಅಲ್ಲಿ ಎಣ್ಣೆ ಸೋರಿದೆಯೇ ಎಂದು ನೋಡಬೇಕು. ಮಾರುತಿ 800ರಲ್ಲಿ ಆ ಕೆಲಸ ಒಂದು ಉಕ್ಕಿನ ಕೇಬಲಿನದು. ಚಾಲಕ ಪೆಡಲನ್ನು ಕೈಯಿಂದ ಒತ್ತಿ ನೋಡಿದ. ಅದು ಬಹಳ ದೂರ ಸುಮ್ಮನೆ ಇಳಿಯಿತು. ಬಾನೆಟ್ ಎತ್ತಿ, ಗೇರ್ ಪೆಟ್ಟಿಗೆಯ ಬಳಿ ಕೇಬಲು ಕೊನೆಗೊಳ್ಳುವಲ್ಲಿ ಟಾರ್ಚು ಹಿಡಿದ. ಕೆಲವು ಎಳೆಗಳು ಕಡಿದು ಮೀಸೆಯಂತೆ ಹೊರಚಾಚಿದ್ದವು. ಉಳಿದವು ಎಳೆದುಕೊಂಡು ಉದ್ದವಾಗಿದ್ದವು.

ಸ್ಪ್ಯಾನರಿನಿಂದ ಅಲ್ಲಿಯ ನಟ್ಟನ್ನು ಕೆಲವು ಸುತ್ತು ಬಿಗಿದದ್ದಾಯಿತು. ಪೂರ್ತಿ ಬಿಗಿಯಲಿಲ್ಲ, ಪೆಡಲಿಗೆ ತುಸು ಸಡಿಲವಿರದಿದ್ದರೆ ಬಿಲ್ಲೆ ಜಾರಿ ಸವೆಯುತ್ತದೆ. ಇಂಜಿನ್ ಓಡುತ್ತಿದ್ದಂತೆಯೇ ಈಗ ಗೇರು ಬಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು. ಚಾಲಕ ಮಾತ್ರ ನಗಲಿಲ್ಲ.

"ಇನ್ನು ಐದು ತಿರುವು ಉಂಟು. ಈ ನಾಲ್ಕೆಳೆ ಎಷ್ಟು ಹೊತ್ತು ತಡೀತದೆ ಅಂತ ನಾನು ಹೇಳಲಾರೆ."

ಹಿಂದಿರುಗಿ ಇಳಿಯುವುದು ಲೇಸೆಂದು ಪತಿಗೆ ತೋರಿತು. ಪತ್ನಿ ಒಪ್ಪಲಿಲ್ಲ. "ಇಳಿಯುವಾಗ ಮಧ್ಯದಲ್ಲಿ ಗೇರು ತಪ್ಪಿ ಮತ್ತೆ ಬೀಳದಿದ್ದರೇನು ಗತಿ ರೀ? ಬರೀ ಬ್ರೇಕನ್ನು ನಂಬಿ ಇಳಿಯೋದೇ?" ಎಂದರು. ಮಾತು ಸರಿಯಾಗಿದ್ದಿತು. ಘಟ್ಟದ ಇಳುಕಲಿನಲ್ಲಿ ಕಾರನ್ನು ಹಿಡಿಯಬೇಕಾದುದು ಗೇರು. ಒಂದೇಸಮನೆ ತುಳಿದ ಬ್ರೇಕು ಕಾದು ಕೈಕೊಡುತ್ತದೆ. ಏರುವಾಗಲಾದರೋ ಒಂದನೆಯ ಗೇರಿನಲ್ಲಿ ಕೇಬಲು ತುಂಡಾದರೂ ಗೇರು ಉಳಿಯುತ್ತದೆ, ಕಾರು ಏರುತ್ತಲೇ ಇರುತ್ತದೆ.

"ಅಮ್ಮಾ, ನೀವು ಮಕ್ಕಳನ್ನು ಕರ್ಕೊಂಡು ಬಸ್ಸಿನಲ್ಲಿ ಬನ್ನಿ. ಭಾರ ಕಮ್ಮಿಯಾಗ್ತದೆ," ಎಂದ ಚಾಲಕ. ಅಜ್ಜಿಯು ಮಟ್ಟುಗುಳ್ಳದ ಚೀಲವನ್ನೂ ಬಿಡದೆ ಬಸ್ಸು ಹತ್ತಿದರು. ಬಸ್ಸು ಮುಂದೆ ಹೋಗಿ ತಿರುವುಗಳಲ್ಲಿ ಹಾರನ್ ಮಾಡುತ್ತ ಎದುರು ವಾಹನಗಳನ್ನು ನಿಲ್ಲಿಸಿತು. ಹಿಂದೆ ಕಾರು, ಒಂದನೆಯ ಗೇರಿನಲ್ಲೇ, ಮತ್ತೊಮ್ಮೆ ಕ್ಲಚ್ಚು ಮುಟ್ಟದೆ ಅರಚುತ್ತ ಏರಿತು. ಸೂರ್ಯಾಸ್ತದ ಕಟ್ಟೆಯ ಬಳಿ ಜನ ಕಡಲ ಕಡೆ ನೋಡುತ್ತಿದ್ದರು. ದಂಪತಿಗಳ ಕಣ್ಣು ರಸ್ತೆಯನ್ನು ಬಿಟ್ಟು ಸರಿಯಲಿಲ್ಲ.

ಮರುದಿನ ಮೊದಲ ಬಸ್ಸಿಗೆ ತೀರ್ಥಹಳ್ಳಿಗೆ ಹೋದ ಪತಿ ಹೊಸ ಕೇಬಲನ್ನೂ ಒಬ್ಬ ಮೆಕ್ಯಾನಿಕ್ಕನ್ನೂ ಕರೆತಂದರು. ಕೆಲಸ ಒಂದು ಗಂಟೆಯೂ ಹಿಡಿಯಲಿಲ್ಲ. ಮೆಕ್ಯಾನಿಕ್ಕನು ಹಳೆಯ ಕೇಬಲನ್ನು ಹೊರಗೆಳೆದು ಎರಡು ಬೆರಳುಗಳ ನಡುವೆ ಬಗ್ಗಿಸಿದ. ಉಳಿದಿದ್ದ ಎಳೆಗಳು ಅಲ್ಲಿಯೇ ಮುರಿದವು.