ಸಿಡುಬಿನ ಕಲೆ, ವಿಷದ ಆರೋಪ

ಇಂದ್ರಕೀಲಾದ್ರಿಯ ಮೆಟ್ಟಿಲೇರುವ ಭಕ್ತರಲ್ಲಿ ಯಾರೂ, ಅರ್ಜುನನು ಪಾಶುಪತಾಸ್ತ್ರಕ್ಕಾಗಿ ತಪಸ್ಸು ಮಾಡಿದ್ದು ಈ ಬೆಟ್ಟದ ಮೇಲೆಯೇ ಎಂಬುದಕ್ಕೆ ದಾಖಲೆ ಕೇಳುವುದಿಲ್ಲ. ಕೇಳಬೇಕಾದ ಅಗತ್ಯವೂ ಇಲ್ಲ. ಆದರೆ ಕೆಳಗೆ ಹರಿಯುವ ಕೃಷ್ಣೆಯನ್ನು ದಾಟಿ ದಕ್ಷಿಣಕ್ಕೆ ಹೋದರೆ ಮಂಗಳಗಿರಿ ಸಿಗುತ್ತದೆ. ಅಲ್ಲಿ ಮಾತು ಬೇರೆ. ಅಲ್ಲಿಯ ಕಂಬದ ಶಾಸನವು ಕೊಂಡವೀಡು ಕೋಟೆ ಸಾಳುವ ತಿಮ್ಮರಸನ ವಶವಾದುದನ್ನು ಶಕವರ್ಷ 1437ರ ಆಷಾಢ ಮಾಸವೆಂದು ಗುರುತಿಸಿ ಹೇಳುತ್ತದೆ, ಅಂದರೆ ಕ್ರಿ.ಶ. 1515ರ ಜೂನ್. ಹೀಗೆ ಪುರಾಣದ ಬೆಟ್ಟವೊಂದು, ತಿಥಿ ಬರೆದಿಟ್ಟ ಕಲ್ಲೊಂದು ನೆರೆಹೊರೆಯಾಗಿರುವ ವಿಜಯವಾಡದಲ್ಲಿ ವಾಸಿಸುವ ನಮಗೆ, ಐತಿಹಾಸಿಕ ಚಲನಚಿತ್ರಗಳನ್ನು ಯಾವ ಕಡೆಗೆ ಸೇರಿಸಬೇಕೆಂಬ ಪ್ರಶ್ನೆ ಆಗಾಗ ಎದುರಾಗುತ್ತದೆ.

ಇಲ್ಲಿ ನಾವು ಕೆಲವು ಕನ್ನಡ ಕುಟುಂಬಗಳು ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುವ ವಾಡಿಕೆಯಿದೆ. ಕಳೆದ ವರ್ಷ ಎರಡು ಭಾನುವಾರ ಎರಡು ಚಿತ್ರಗಳನ್ನು ನೋಡಿದೆವು: ಬಿ.ಆರ್. ಪಂತುಲು ಅವರು ನಿರ್ದೇಶಿಸಿ ತಾವೇ ತಿಮ್ಮರಸನಾಗಿಯೂ ಅಭಿನಯಿಸಿದ, ರಾಜಕುಮಾರ್ ಅವರ ‘ಶ್ರೀ ಕೃಷ್ಣದೇವರಾಯ’ (1970). ಕಮಲಾಕರ ಕಾಮೇಶ್ವರರಾವ್ ಅವರ ತೆಲುಗು ಚಿತ್ರ ‘ಮಹಾಮಂತ್ರಿ ತಿಮ್ಮರುಸು’ (1962). ಎರಡನೆಯದರಲ್ಲಿ ಎನ್.ಟಿ. ರಾಮರಾವ್ ರಾಯರು, ಗುಮ್ಮಡಿಯವರು ಮಂತ್ರಿ. ನೆರೆಯ ತೆಲುಗು ಮಿತ್ರರೂ ಬಂದಿದ್ದರು. ಕಾಫಿ ಬರುವಷ್ಟರಲ್ಲಿ, ರಾಯರು ಯಾರವರು ಎಂಬ ಹಳೆಯ ಜಗಳ ಆರಂಭವಾಯಿತು. ಅವರು ‘ಆಮುಕ್ತಮಾಲ್ಯದ’ವನ್ನು ಮುಂದಿಟ್ಟರು, ನಮ್ಮವರು ಕುಮಾರವ್ಯಾಸನು ಉಳಿಸಿಹೋದ ಭಾರತವನ್ನು ಪೂರ್ಣಗೊಳಿಸಿದ ತಿಮ್ಮಣ್ಣ ಕವಿಯ ‘ಕೃಷ್ಣರಾಯ ಭಾರತ’ವನ್ನು ಮುಂದಿಟ್ಟರು. ಈ ಜಗಳ ಮುಗಿಯುವುದಿಲ್ಲ, ಮುಗಿಯಲೆಂದು ಯಾರಿಗೂ ಆಸೆಯಿಲ್ಲ. ಆದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇವೆ. ರಾಯರು ಒಂದು ಚಿತ್ರದಲ್ಲಿ ಕನ್ನಡವನ್ನೂ ಇನ್ನೊಂದರಲ್ಲಿ ತೆಲುಗನ್ನೂ ಆಡುವುದು ದೋಷವೇ ಅಲ್ಲ. ಷೇಕ್ಸ್‌ಪಿಯರನ ರೋಮಿನಲ್ಲಿ ಸೀಸರನು ಇಂಗ್ಲಿಷ್ ಮಾತನಾಡುತ್ತಾನೆ, ಸಾಲದೆಂಬಂತೆ ಗಡಿಯಾರವೂ ಗಂಟೆ ಬಾರಿಸುತ್ತದೆ. ನಾಟಕ ಅದರಿಂದ ಕುಂದಲಿಲ್ಲ.

ಇಂಥ ಕ್ಷಮಾರ್ಹ ತಪ್ಪುಗಳ ಸಾಲಿನಲ್ಲಿ ನಮಗೆ ಅತ್ಯಂತ ಪ್ರಿಯವಾದುದು ರಾಯರ ಮುಖ. ಸುಮಾರು 1520ರಲ್ಲಿ ಅವರನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ರಾಯರು ಮಧ್ಯಮ ಎತ್ತರದವರು, ಬೆಳ್ಳಗಿನ ಬಣ್ಣದವರು, ತೆಳ್ಳಗಿರುವುದಕ್ಕಿಂತ ತುಸು ದಪ್ಪಗಿದ್ದವರು, ಮುಖದ ಮೇಲೆ ಸಿಡುಬಿನ ಕಲೆಗಳಿದ್ದವರು ಎಂದು ಬರೆದಿಟ್ಟಿದ್ದಾನೆ. ರಾಜಕುಮಾರರ ಮುಖಕ್ಕಾಗಲಿ ರಾಮರಾಯರ ಮುಖಕ್ಕಾಗಲಿ ಸಿಡುಬಿನ ಕಲೆ ಹಚ್ಚುವ ಧೈರ್ಯ ಯಾವ ಪ್ರಸಾಧನಕಾರನಿಗೆ ಬಂದೀತು? ಹಚ್ಚಿದ್ದರೆ ಚಿತ್ರಮಂದಿರದ ಕುರ್ಚಿಗಳು ಉಳಿಯುತ್ತಿರಲಿಲ್ಲ. ತೆನಾಲಿ ರಾಮಕೃಷ್ಣನ ವಿಷಯವೂ ಬಹುಮಟ್ಟಿಗೆ ಹೀಗೆಯೇ. ಅವನ ‘ಪಾಂಡುರಂಗ ಮಾಹಾತ್ಮ್ಯ’ ಅಂಕಿತವಾದುದು ರಾಯರಿಗಲ್ಲ, ವಿರೂರಿ ವೇದಾದ್ರಿಗೆ. ಆದರೂ ರಾಯರ ಆಸ್ಥಾನದಿಂದ ಅವನನ್ನು ಹೊರಡಿಸುವ ಶಕ್ತಿ ಯಾವ ವಿದ್ವಾಂಸನಿಗೂ ಇಲ್ಲ. ಅವನು ಅಲ್ಲಿ ಇದ್ದುದರಿಂದ ಯಾರ ಮಾನವೂ ಹೋಗಿಲ್ಲ.

ಮಾನ ಹೋಗುವ ಪ್ರಸಂಗ ಬೇರೆ ಇದೆ. ಅದನ್ನು ನಮಗೆ ತೋರಿಸಿಕೊಟ್ಟವರು, ವಿಶಾಖಪಟ್ಟಣದಲ್ಲಿದ್ದ ವರ್ಷಗಳಲ್ಲಿ ನಮ್ಮ ಪಕ್ಕದ ಮೇಜಿನಲ್ಲಿ ಕುಳಿತಿದ್ದ ಒಡಿಯಾ ಸಹೋದ್ಯೋಗಿ. ಒಮ್ಮೆ ಜೊತೆಯಾಗಿ ಸಿಂಹಾಚಲಕ್ಕೆ ಹೋಗಿದ್ದೆವು. ಗಜಪತಿಯನ್ನು ಗೆದ್ದು ಬಂದ ರಾಯರು 1516ರಲ್ಲಿ ದೇವರಿಗೆ ಮುತ್ತಿನ ಹಾರವನ್ನೂ ಆಭರಣಗಳನ್ನೂ ಒಪ್ಪಿಸಿದ ಶಾಸನ ಅಲ್ಲಿದೆ. ಅದರ ಮುಂದೆ ನಿಂತು ಅವರು ನಗುತ್ತಲೇ ಹೇಳಿದರು: “ಸೋತದ್ದು ಸರಿ ಸಾರ್, ಅದು ಕಲ್ಲಿನಲ್ಲಿದೆ. ಆದರೆ ಟೀವಿಯಲ್ಲಿ ಆ ಹಳೆಯ ಸಿನಿಮಾ ಬಂದ ಮಾರನೆಯ ದಿನ, ನಿಮ್ಮ ರಾಜ ಮಗುವಿಗೆ ವಿಷ ಹಾಕಿಸಿದನಂತೆ ಎಂದು ನನ್ನ ಮಗನನ್ನು ತರಗತಿಯಲ್ಲಿ ಕೇಳಿದರು. ನಮಗೆ ಪ್ರತಾಪರುದ್ರ ಎಂದರೆ ಜಗನ್ನಾಥನ ರಥದ ಮುಂದೆ ಕಸ ಗುಡಿಸಿದವರು, ಚೈತನ್ಯರ ಭಕ್ತರು.”

ಆ ಮಾತು ನಮ್ಮನ್ನು ಬಿಡಲಿಲ್ಲ. ವಿಷದ ಕಥೆಯ ಮೂಲ ಫೆರ್ನಾವ್ ನೂನಿಜ್. ಕುದುರೆ ವ್ಯಾಪಾರಕ್ಕೆ ಬಂದಿದ್ದ ಈತನ ಬರವಣಿಗೆಯನ್ನು ರಾಬರ್ಟ್ ಸೀವೆಲ್ 1900ರಲ್ಲಿ ಇಂಗ್ಲಿಷಿಗೆ ತಂದ. ನೂನಿಜ್ ವಿಜಯನಗರದಲ್ಲಿದ್ದುದು 1535ರ ಆಸುಪಾಸಿನಲ್ಲಿ, ರಾಯರು ತೀರಿಕೊಂಡ ಕೆಲವು ವರ್ಷಗಳ ಮೇಲೆ. ಹಾಗಾಗಿ ಅವನು ಬರೆದದ್ದು ಕೇಳಿದ ಮಾತು. ಆರು ವರ್ಷದ ಮಗನಿಗೆ ರಾಯರು ಪಟ್ಟ ಕಟ್ಟಿದರು, ಎಂಟು ತಿಂಗಳು ಉತ್ಸವ ನಡೆಯಿತು, ಆ ನಡುವೆ ಮಗು ಕಾಯಿಲೆಯಿಂದ ತೀರಿಕೊಂಡಿತು, ಆಮೇಲೆ ತಿಮ್ಮರಸನ ಮಗನೇ ವಿಷ ಹಾಕಿದನೆಂದು ರಾಯರಿಗೆ ತಿಳಿದುಬಂದಿತು, ತಂದೆ ಮಕ್ಕಳನ್ನು ಸೆರೆಗೆ ಹಾಕಿ ಕೊನೆಗೆ ಕಣ್ಣು ಕೀಳಿಸಲಾಯಿತು ಎಂಬುದು ಅವನ ವರದಿ. ಕಾಯಿಲೆಯೂ ಅದರಲ್ಲಿದೆ, ಆರೋಪವೂ ಇದೆ. ಗಜಪತಿ ಮಾತ್ರ ಇಲ್ಲ.

ತೆಲುಗು ಚಿತ್ರ ಮಾಡಿದ್ದೇನು? ತಿಮ್ಮರಸನನ್ನು ನಿರಪರಾಧಿಯೆಂದು ಸಾರಬೇಕೆಂಬುದು ಅದರ ಹಂಬಲ. ಆ ಹಂಬಲ ನಮಗೂ ಇದೆ. ಹಿಂದೆ ರಾಯರ ಕಣ್ಣು ಕೀಳಲು ಆಜ್ಞೆಯಾದಾಗ ಮೇಕೆಯ ಕಣ್ಣು ತೋರಿಸಿ ಅವರನ್ನು ಉಳಿಸಿದವನು ತಿಮ್ಮರಸನೇ ಎಂದೂ ಇದೇ ನೂನಿಜ್ ಹೇಳುತ್ತಾನೆ. ಅಂಥವನ ಕಣ್ಣು ಕಿತ್ತ ಕಥೆಯಲ್ಲಿ ಗುಮ್ಮಡಿಯವರನ್ನು ನೋಡಿ ಅಳದವರು ನಮ್ಮ ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೆ ಒಬ್ಬನ ತಲೆಯಿಂದ ಇಳಿಸಿದ ಅಪವಾದವನ್ನು ಚಿತ್ರ ನೆಲದ ಮೇಲೆ ಇಡಲಿಲ್ಲ. ಗಜಪತಿಯ ಕಡೆಯವರ ಸಂಚೆಂದು ಇನ್ನೊಂದು ಮನೆತನದ ಹೆಗಲಿಗೆ ಹೊರಿಸಿತು. ನಮ್ಮ ಕಚೇರಿಗಳಲ್ಲಿ ಕಡತವೊಂದರಲ್ಲಿ ಹೀಗೆ ಹೆಸರು ಬದಲಾಯಿಸಿದರೆ ಆಧಾರವೇನೆಂದು ಮೇಲಿನವರು ಕೇಳುತ್ತಾರೆ. ತೆರೆಯ ಮುಂದೆ ಕುಳಿತವರು ಕೇಳುವುದಿಲ್ಲ.

ಎಂ.ಎ.ಯಲ್ಲಿ ಓದಿದ ಆರ್ಥರ್ ಮಿಲ್ಲರನ ‘ದಿ ಕ್ರೂಸಿಬಲ್’ ಇಲ್ಲಿ ನೆನಪಾಗುತ್ತದೆ. ಅಮೆರಿಕದ ಸೇಲಂನಲ್ಲಿ 1692ರಲ್ಲಿ ನಡೆದ ಮಾಟಗಾತಿಯರ ವಿಚಾರಣೆಯ ನಾಟಕವದು; ಮಿಲ್ಲರನೇ ಚಿತ್ರಕಥೆ ಬರೆದು 1996ರಲ್ಲಿ ಚಲನಚಿತ್ರವೂ ಆಯಿತು. ನಿಜದ ಅಬಿಗೇಲ್ ವಿಲಿಯಮ್ಸ್ ಹನ್ನೊಂದು ಹನ್ನೆರಡರ ಹುಡುಗಿ, ಜಾನ್ ಪ್ರಾಕ್ಟರ್ ಅರವತ್ತರ ಮುದುಕ. ಮಿಲ್ಲರ್ ಅವರಿಬ್ಬರ ನಡುವೆ ಪ್ರಣಯ ಕಲ್ಪಿಸಿದ. ಆದರೆ ಹುಡುಗಿಯ ವಯಸ್ಸು ಏರಿಸಿದ್ದೇನೆಂದು ಪುಸ್ತಕದ ಆರಂಭದಲ್ಲಿಯೇ ಹೇಳಿಬಿಟ್ಟ. ಆ ಪ್ರಾಮಾಣಿಕತೆಯನ್ನು ನಾವು ಮೆಚ್ಚುತ್ತೇವೆ, ಸಾಕಾಗಿತ್ತೆಂದು ಹೇಳಲಾರೆವು. ಟಿಪ್ಪಣಿ ಓದುವವರು ಕೆಲವರು, ಚಿತ್ರ ನೋಡುವವರು ಲಕ್ಷ ಮಂದಿ. ಆ ಹುಡುಗಿ ಸುಳ್ಳು ದೂರು ಹೇಳಿದ್ದಕ್ಕೆ ದಾಖಲೆಯಿದೆ, ವ್ಯಭಿಚಾರಕ್ಕೆ ಇಲ್ಲ. ಲೋಕ ನೆನಪಿಟ್ಟುಕೊಂಡದ್ದು ಮಾತ್ರ ಎರಡನ್ನೂ.

ಗಜಪತಿಯ ಮಗ ವೀರಭದ್ರನ ಸಂಗತಿಯನ್ನೇ ನೋಡಿ. ಕೊಂಡವೀಡಿನಲ್ಲಿ ಸೆರೆಸಿಕ್ಕ ರಾಜಕುಮಾರನನ್ನು, ಕೀಳು ದರ್ಜೆಯವನೊಬ್ಬನೊಡನೆ ಕತ್ತಿವರಸೆಗೆ ನಿಲ್ಲಿಸಿದ್ದರಿಂದ ಅವಮಾನಗೊಂಡು ಆತ್ಮಹತ್ಯೆ ಮಾಡಿಕೊಂಡನೆಂದು ನೂನಿಜ್ ಬರೆಯುತ್ತಾನೆ. ನಮ್ಮ ದಾವಣಗೆರೆಯ ಕಡೆಯ 1516ರ ಶಾಸನವೊಂದು ಬೇರೆಯದನ್ನು ಹೇಳುತ್ತದೆ: ಅದೇ ವೀರಭದ್ರನು ರಾಯರ ಅಧೀನದಲ್ಲಿ ಮಲೆಬೆನ್ನೂರು ಸೀಮೆಯನ್ನು ಆಳುತ್ತ, ತನ್ನ ತಂದೆ ಪ್ರತಾಪರುದ್ರನಿಗೂ ಗೆದ್ದ ರಾಯರಿಗೂ ಪುಣ್ಯವಾಗಲೆಂದು ಮದುವೆಯ ಸುಂಕವನ್ನು ಬಿಟ್ಟುಕೊಟ್ಟನು. ಶತ್ರುವಿನ ಮಗ, ಕನ್ನಡ ಸೀಮೆಯ ಅಧಿಕಾರಿ, ಮದುವೆಯ ಮನೆಗಳ ಸುಂಕ ತೆಗೆದವನು. ಒಡಿಯಾ ಮಿತ್ರರಿಗೆ ಈ ಸಂಗತಿಯನ್ನು ಫೋನಿನಲ್ಲಿ ಹೇಳಿದಾಗ ಅವರು ಊರಿನ ಹೆಸರನ್ನು ಎರಡು ಬಾರಿ ಹೇಳಿಸಿಕೊಂಡು ಬರೆದುಕೊಂಡರು, ಮಗನಿಗೆ ತೋರಿಸಬೇಕಂತೆ.