ಶನಿವಾರ ಅಂತ ಬರೆದವನು ನಾನೇ



ಮೂರು ವರ್ಷದ ಹಿಂದೆ ಆದೋನಿಯ ನಾವೊಂದಿಷ್ಟು ಯುವಕರು ಸೇರಿ ನಮ್ಮ ಧರ್ಮಕೇಂದ್ರಕ್ಕೆ ವೆಬ್‌ಸೈಟ್ ಮಾಡಿದೆವು. ಕಂಪ್ಯೂಟರ್ ಕೆಲಸ ನನ್ನದು. ಮೊದಲ ಪುಟದಲ್ಲಿ ತಾನಾಗಿ ಸರಿಯುವ ಹಬ್ಬದ ಫೋಟೋಗಳು, ಬಣ್ಣಬಣ್ಣದ ಮೆನು. ನೋಡಿದವರೆಲ್ಲ ಚೆನ್ನಾಗಿದೆ ಅಂದರು. ನಾನೂ ಹಿಗ್ಗಿದೆ.

ಒಂದು ಶನಿವಾರ ಗಾಯನ ಅಭ್ಯಾಸಕ್ಕೆ ಹೋದಾಗ ಕಚೇರಿಯ ಬೀಗದ ಮುಂದೆ ಒಬ್ಬರು ಕೂತಿದ್ದರು. ಕೋಸಿಗಿ ಕಡೆಯವರು. ಗುಂಟೂರಿಗೆ ಗುಳೆ ಹೋಗಿ ಮೆಣಸಿನಕಾಯಿ ಬಿಡಿಸುವ ಕುಟುಂಬ. ಮಗಳ ಜ್ಞಾನಸ್ನಾನದ ಪ್ರಮಾಣಪತ್ರಕ್ಕಾಗಿ ಕೂಲಿ ಬಿಟ್ಟು, ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದಿದ್ದರು.

“ತಮ್ಮಾ, ಇದರಾಗ ಶನಿವಾರ ಅಂತ ಐತಲ್ಲ?” ಎಂದು ಮೊಬೈಲ್ ತೋರಿಸಿದರು.

ಕಚೇರಿಯ ದಿನ ಬದಲಾಗಿ ಏಳು ತಿಂಗಳಾಗಿತ್ತು. ಫಾದರ್ ಹಳ್ಳಿಗಳಿಗೆ ಹೋಗಿದ್ದರು. ಭಾನುವಾರ ಪೂಜೆ ಮುಗಿದ ಮೇಲೆ ಪತ್ರವೇನೋ ಸಿಕ್ಕಿತು, ಆದರೆ ಇನ್ನೊಂದು ದಿನದ ಕೂಲಿ ಹೋಯಿತು. ಬರೆದವನು ನಾನೇ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಆಮೇಲೆ ಹುಡುಕಿ ಓದಿದೆ. ಇದಕ್ಕೆ ಕಂಟೆಂಟ್ ಸ್ಟ್ರಾಟೆಜಿ ಅನ್ನುತ್ತಾರೆ. ಅಮೆರಿಕದ ಕ್ರಿಸ್ಟಿನಾ ಹಾಲ್ವರ್ಸನ್ 2009ರಲ್ಲಿ ಇದರ ಮೇಲೊಂದು ಪುಸ್ತಕವನ್ನೇ ತಂದಿದ್ದಾರೆ. ಹೆಸರು ದೊಡ್ಡದು, ವಿಷಯ ಸರಳ: ಯಾರಿಗಾಗಿ ಬರೆಯುತ್ತೇವೆ, ಅವರಿಗೆ ಬೇಕಾದದ್ದೇನು, ಬರೆದದ್ದು ಹಳತಾದಾಗ ತಿದ್ದುವವರು ಯಾರು? ಇದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ನಾನು ಬಣ್ಣದಿಂದ ಶುರು ಮಾಡಿದ್ದೆ.

ಇದ್ದ 41 ಪುಟಗಳನ್ನೂ ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿದೆವು. ಎರಡು ಭಾನುವಾರ ಬಾಗಿಲಲ್ಲಿ ನಿಂತು ಜನರನ್ನೇ ಕೇಳಿದೆವು. ಅವರಿಗೆ ಬೇಕಾದದ್ದು ನಾಲ್ಕೇ: ಪೂಜೆಯ ಸಮಯ, ಅದು ಯಾವ ಭಾಷೆಯಲ್ಲಿ, ಪ್ರಮಾಣಪತ್ರಕ್ಕೆ ಏನೇನು ತರಬೇಕು, ಕಚೇರಿಯ ಫೋನ್ ನಂಬರು. ಅಷ್ಟೂ ಈಗ ಮೊದಲ ಪುಟದಲ್ಲಿದೆ.

ಇನ್ನೊಂದು ಮಾತೂ ಗೊತ್ತಾಯಿತು. ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ 1953ರಲ್ಲಿ ಆಂಧ್ರಕ್ಕೆ ಸೇರಿತು. ಮನೆಯಲ್ಲಿ ಕನ್ನಡ ಆಡಿದರೂ ಶಾಲೆಯಲ್ಲಿ ತೆಲುಗು ಓದಿದವರು ನಮ್ಮಲ್ಲಿ ಬಹಳ. ಬರೀ ಕನ್ನಡದಲ್ಲಿ ಬರೆದರೆ ಅವರಿಗೆ ಓದಲಾಗದು. ಅದಕ್ಕೇ ಈಗ ಎರಡೂ ಲಿಪಿಯಲ್ಲಿ ಹಾಕುತ್ತೇವೆ.

ಹಬ್ಬದ ಫೋಟೋಗಳನ್ನು ಕೊನೆಯ ಪುಟಕ್ಕೆ ಸರಿಸಿದಾಗ ನಮ್ಮವರೇ ಕೆಲವರು ಮುನಿಸಿಕೊಂಡರು. ಉಳಿದ 11 ಪುಟಗಳಿಗೂ ಒಬ್ಬೊಬ್ಬರನ್ನು ಗೊತ್ತುಮಾಡಿದ್ದೇವೆ. ತಿಂಗಳಿಗೊಮ್ಮೆ ಓದಿ, ಸರಿಯಿದೆಯೇ ನೋಡಿ, ಕೆಳಗೆ ತಾರೀಖು ಹಾಕಬೇಕು. ಬೇಸರದ ಕೆಲಸ ನಿಜ. ಆದರೆ ಬರೆದ ದಿನ ನಿಜವಾಗಿದ್ದದ್ದು ನೋಡಿಕೊಳ್ಳದೆ ಬಿಟ್ಟರೆ ಸುಳ್ಳಾಗುತ್ತದೆ. ಅದನ್ನು ನಂಬಿ ಬಸ್ಸು ಹತ್ತುವವರು ಇದ್ದೇ ಇರುತ್ತಾರೆ.

ಆ ಅಣ್ಣನಿಗೆ ನಾನಿನ್ನೂ ನಿಜ ಹೇಳಿಲ್ಲ. ಈ ಸಲ ಗುಂಟೂರಿನಿಂದ ಬಂದಾಗ ಹೇಳಬೇಕು.

ನಿಮ್ಮ ಧರ್ಮಕೇಂದ್ರಕ್ಕೂ ವೆಬ್‌ಸೈಟ್ ಇದ್ದರೆ ಇವತ್ತೇ ತೆರೆದು ನೋಡಿ. ಅದರಲ್ಲಿರುವ ಸಮಯ ಸರಿಯಾಗಿದೆಯೇ?